ಕಡಿಮೆ ಕೂಲಿ, ಏರಿಳಿತದ ದುಡಿಮೆ: ಇಪ್ಪತ್ತರ ಹರೆಯದಲ್ಲಿ ದುಡ್ಡಿನ ಭದ್ರತೆ ಕಟ್ಟಿಕೊಳ್ಳುವ ಕ್ರಮ

"ತಿಂಗಳಿಗೆ 12 ಸಾವಿರ ಬರುತ್ತದೆ. 500 ಉಳಿದರೆ ಎಲ್ಲಿ ಹಾಕಬೇಕು?" ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಪೀಸ್ ಲೆಕ್ಕಕ್ಕೆ ಹೊಲಿಯುವವರು, ತೋರಣಗಲ್ಲಿನಲ್ಲಿ ಗುತ್ತಿಗೆದಾರನ ಕೈಕೆಳಗೆ ದುಡಿಯುವವರು, ಸಿಂಧನೂರು, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರ ಸುಲಭವಿಲ್ಲ. ಏಕೆಂದರೆ ಹಣಕಾಸಿನ ಸಲಹೆಗಳಲ್ಲಿ ಹೆಚ್ಚಿನವು ತಿಂಗಳ ಒಂದನೇ ತಾರೀಖು ತಪ್ಪದೆ ಸಂಬಳ ಬರುವವರಿಗಾಗಿ ಬರೆದವು. ತೋರಣಗಲ್ಲಿನ ಉಕ್ಕು, ಶಕ್ತಿನಗರದ ಕರೆಂಟು, ಹಟ್ಟಿಯ ಚಿನ್ನ, ಗಂಗಾವತಿಯ ಅಕ್ಕಿ ಎಲ್ಲವೂ ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರು ಜಿಲ್ಲೆಗಳಿಂದಲೇ ಹೊರಡುತ್ತವೆ. ಆದರೆ ಒಂದೇ ಗೇಟಿನೊಳಗೆ ಒಂದೇ ಕೆಲಸ ಮಾಡುವ ಕಾಯಂ ನೌಕರನಿಗೂ ಗುತ್ತಿಗೆ ನೌಕರನಿಗೂ ಸಿಗುವುದು ಬೇರೆ ಬೇರೆ ಬದುಕು. ಉಳಿತಾಯ ಆಗದಿರುವುದಕ್ಕೆ ನಿಮ್ಮ ಅಶಿಸ್ತೊಂದೇ ಕಾರಣ ಎನ್ನುವವರ ಮಾತನ್ನು ಪಕ್ಕಕ್ಕಿಡಿ.

ಕಡಿಮೆ ಆದಾಯದವರಿಗೆ "ಎಲ್ಲಿ ಹಾಕಬೇಕು" ಎಂಬುದು ಕೊನೆಗೆ ಬರುವ ಪ್ರಶ್ನೆ. ಮೊದಲು ಬಡ್ಡಿಯ ಸೋರಿಕೆ ನಿಲ್ಲಬೇಕು, ಆಮೇಲೆ ನಿಮಗೆ ಸೇರಬೇಕಾದದ್ದು ಕೈಸೇರಬೇಕು, ನಂತರ ಕೈಯಲ್ಲಿ ಸ್ವಲ್ಪ ನಗದು ಇರಬೇಕು. ಹೂಡಿಕೆ ಅದಾದ ಮೇಲೆ. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ಹಿಂದುಮುಂದು ಮಾಡಬೇಡಿ.

ಶುರುವಿಗೆ ಬೇಕಾಗುವ ಕಾಗದ

ನಿಮ್ಮದೇ ಮೊಬೈಲ್ ನಂಬರ್ ಜೋಡಿಸಿದ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್. ಕೆಲಸದಲ್ಲಿದ್ದರೆ ಪಿಎಫ್‌ನ (ಭವಿಷ್ಯ ನಿಧಿ) 12 ಅಂಕಿಯ ಸದಸ್ಯ ಸಂಖ್ಯೆಯಾದ ಯುಎಎನ್ ಮತ್ತು ಇಎಸ್‌ಐ (ಕಾರ್ಮಿಕರ ವಿಮೆ) ನಂಬರ್. ಎಲ್ಲದರಲ್ಲೂ ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ ಒಂದೇ ಇರಬೇಕು. ಒಂದರಲ್ಲಿ ತಂದೆಯ ಹೆಸರು ಸೇರಿಕೊಂಡು ಇನ್ನೊಂದರಲ್ಲಿ ಬರೀ ಇನಿಷಿಯಲ್ ಇದ್ದರೆ, ಶಾಲೆಯ ಟಿಸಿಯಲ್ಲಿ ಒಂದು ವರ್ಷ ಆಧಾರ್‌ನಲ್ಲಿ ಇನ್ನೊಂದು ವರ್ಷ ಇದ್ದರೆ, ಪಿಎಫ್ ಅರ್ಜಿ ತಿರಸ್ಕೃತವಾಗಿ ವಾಪಸ್ ಬರುತ್ತದೆ. ದುಡ್ಡಿನ ತುರ್ತು ಬಿದ್ದಾಗ ತಿದ್ದಿಸಲು ಓಡಾಡುವ ಬದಲು ಈಗಲೇ ಸರಿಪಡಿಸಿ.

ಸರ್ಕಾರಿ ನೌಕರಿಗೆ ಯತ್ನಿಸುವವರು ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನೂ ಮಾಡಿಸಿಟ್ಟುಕೊಳ್ಳಿ. ಕೊಡುವವರು ಉಪವಿಭಾಗಾಧಿಕಾರಿ, ಅಂದರೆ ಎಸಿ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಸಿ ಗುಂಪಿನ ಶೇ 80, ಡಿ ಗುಂಪಿನ ಶೇ 85ರಷ್ಟು ಹುದ್ದೆಗಳು ಸ್ಥಳೀಯರಿಗೆ ಮೀಸಲು. ಅರ್ಜಿಯ ಕೊನೆಯ ದಿನ ಈ ಕಾಗದಕ್ಕಾಗಿ ಪರದಾಡುವವರು ಪ್ರತಿ ನೇಮಕಾತಿಯಲ್ಲೂ ಸಿಗುತ್ತಾರೆ.

ಹಂತ 1: ನಿಮ್ಮ ನಿಜವಾದ ಆದಾಯ ಎಷ್ಟೆಂದು ಗೊತ್ತುಮಾಡಿಕೊಳ್ಳಿ

ಕಳೆದ ಆರು ತಿಂಗಳ ಬಟವಾಡೆ ಬರೆದುಕೊಳ್ಳಿ. ಉದಾಹರಣೆಗೆ 9,000, 11,000, 14,000, 16,000, 13,000, 10,500 ಇದೆ ಎನ್ನೋಣ. ಆರನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ. ಕೆಳಗಿನ ಮೂರನ್ನು ಮಾತ್ರ ತೆಗೆದುಕೊಳ್ಳಿ: 9,000, 10,500, 11,000. ಅವುಗಳ ಸರಾಸರಿ ಸುಮಾರು 10 ಸಾವಿರ. ನಿಮ್ಮ ಮನೆ ಬಾಡಿಗೆ, ಕಂತು, ರೇಷನ್ ಎಲ್ಲವೂ ಈ 10 ಸಾವಿರದೊಳಗೆ ಮುಗಿಯಬೇಕು. ಒಳ್ಳೆಯ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಬಂದದ್ದು ಉಳಿತಾಯದ ಹಣ.

ಒಳ್ಳೆಯ ತಿಂಗಳ ಆದಾಯ ನೋಡಿ ಬೈಕಿನ ಕಂತು ಕಟ್ಟಿಕೊಳ್ಳುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಡದ ವರ್ಷ ಗಿರಣಿ, ಹಮಾಲಿ, ಟ್ರ್ಯಾಕ್ಟರ್ ಎಲ್ಲದರ ಕೆಲಸ ಇಳಿಯುತ್ತದೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಆತಂಕಪಟ್ಟವರು ರೈತರು ಮಾತ್ರ ಅಲ್ಲ. ಕೂಲಿ ನಿಂತರೂ ಕಂತು ನಿಲ್ಲುವುದಿಲ್ಲ.

ಹಂತ 2: ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತಿರುಗಿಸಿ ನೋಡಿ

ಇಲ್ಲಿ ಸ್ವಲ್ಪ ನಿಧಾನಿಸಿ. ಭದ್ರತೆ ಕಟ್ಟಿಕೊಳ್ಳುವುದಿರಲಿ, ಇದ್ದದ್ದೂ ಕರಗುವುದು ಇಲ್ಲೇ.

ನಮ್ಮ ಕಡೆ ಬಡ್ಡಿಯನ್ನು ರೂಪಾಯಿಯಲ್ಲಿ ಹೇಳುತ್ತಾರೆ. "ಮೂರು ರೂಪಾಯಿ ಬಡ್ಡಿ" ಅಂದರೆ ತಿಂಗಳಿಗೆ ನೂರಕ್ಕೆ ಮೂರು, ವರ್ಷಕ್ಕೆ ಶೇ 36. "ಐದು ರೂಪಾಯಿ" ಅಂದರೆ ಶೇ 60. ಕೇಳಲು ಸಣ್ಣದು. 50,000 ರೂಪಾಯಿಯನ್ನು ಮೂರು ರೂಪಾಯಿಗೆ ತಂದರೆ ತಿಂಗಳಿಗೆ 1,500, ವರ್ಷಕ್ಕೆ 18,000 ಬರೀ ಬಡ್ಡಿ. ವರ್ಷ ಕಳೆದರೂ ಅಸಲು 50,000 ಹಾಗೇ ನಿಂತಿರುತ್ತದೆ.

ದಿನದ ಕಲೆಕ್ಷನ್ ಸಾಲ ಇನ್ನೂ ಮೋಸಗೊಳಿಸುತ್ತದೆ. 10,000 ಎಂದು ಹೇಳಿ, 1,000 ಮೊದಲೇ ಮುರಿದುಕೊಂಡು 9,000 ಕೈಗೆ ಕೊಟ್ಟು, ದಿನಕ್ಕೆ 100ರಂತೆ 100 ದಿನ ವಸೂಲಿ ಮಾಡುತ್ತಾರೆ. "ಬರೀ ಹತ್ತು ಪರ್ಸೆಂಟ್" ಅನ್ನಿಸುತ್ತದೆ. ಆದರೆ ನೀವು ಮೊದಲ ದಿನದಿಂದಲೇ ಅಸಲು ತೀರಿಸುತ್ತಿರುವುದರಿಂದ, ಸರಾಸರಿ ನಿಮ್ಮ ಕೈಯಲ್ಲಿ ಇರುವ ಸಾಲ ಅರ್ಧದಷ್ಟೇ. ಸರಿಯಾಗಿ ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 75ರಿಂದ 80.

ಬೈಕ್ ಸಾಲದಲ್ಲಿ ಕೇಳಬೇಕಾದ ಮಾತು "ಫ್ಲಾಟ್ ರೇಟೋ, ರೆಡ್ಯೂಸಿಂಗೋ?" ಫ್ಲಾಟ್ ಅಂದರೆ ಅಸಲು ತೀರುತ್ತಾ ಬಂದರೂ ಬಡ್ಡಿಯನ್ನು ಮೊದಲ ಮೊತ್ತದ ಮೇಲೇ ಹಾಕುವುದು. ರೆಡ್ಯೂಸಿಂಗ್ ಅಂದರೆ ಉಳಿದ ಅಸಲಿನ ಮೇಲೆ ಮಾತ್ರ. ಒಂದು ಲಕ್ಷವನ್ನು ಶೇ 10 ಫ್ಲಾಟ್‌ನಲ್ಲಿ 3 ವರ್ಷಕ್ಕೆ ತೆಗೆದುಕೊಂಡರೆ ಕಂತು 3,611 ರೂಪಾಯಿ, ನಿಜವಾದ ಬಡ್ಡಿ ಸುಮಾರು ಶೇ 18.

ಈಗ ಮಾಡಬೇಕಾದದ್ದು:

1. ಇರುವ ಸಾಲಗಳನ್ನೆಲ್ಲ ವರ್ಷದ ಬಡ್ಡಿಯ ಲೆಕ್ಕದಲ್ಲಿ ಒಂದು ಹಾಳೆಯ ಮೇಲೆ ಬರೆಯಿರಿ. ಸ್ನೇಹಿತರ ಕೈಗಡವನ್ನೂ ಬರೆಯಿರಿ. ಅದಕ್ಕೆ ಬಡ್ಡಿ ಇಲ್ಲದಿದ್ದರೂ ತೀರಿಸುವ ತಾರೀಖು ಇರುತ್ತದೆ.
2. ಮೊತ್ತ ಎಷ್ಟೇ ಇರಲಿ, ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಿ. ಉಳಿದವಕ್ಕೆ ಕನಿಷ್ಠ ಕಂತು ಮಾತ್ರ.
3. ಮನೆಯಲ್ಲಿ ಬಂಗಾರವಿದ್ದು ಎಲ್ಲರೂ ಒಪ್ಪಿದರೆ, ಖಾಸಗಿ ಬಡ್ಡಿ ಸಾಲವನ್ನು ಬ್ಯಾಂಕಿನ ಚಿನ್ನದ ಸಾಲಕ್ಕೆ ಬದಲಾಯಿಸಿ. ಅದೇ 50,000ಕ್ಕೆ ಶೇ 10ರ ಲೆಕ್ಕದಲ್ಲಿ ವರ್ಷಕ್ಕೆ 5,000. 18,000ಕ್ಕೂ ಇದಕ್ಕೂ ಇರುವ ಅಂತರ 13,000. ಯಾವ ಹೂಡಿಕೆಯೂ ಖಾತರಿಯಾಗಿ ಅಷ್ಟು ತಂದುಕೊಡುವುದಿಲ್ಲ. ಎಚ್ಚರ: ಅವಧಿ ಮೀರಿದರೆ ಬಂಗಾರ ಹರಾಜಿಗೆ ಹೋಗುತ್ತದೆ. ಬಿಡಿಸಿಕೊಳ್ಳುವ ತಾರೀಖನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ.

ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲದ ಬಗ್ಗೆ ಎರಡು ಮಾತು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಬರುವಂತಿಲ್ಲ. ನೋಂದಣಿ ಇಲ್ಲದ ಲೇವಾದೇವಿಯವರ ಬಲವಂತದ ವಸೂಲಿಗೆ ರಾಜ್ಯದ 2025ರ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು ಶಿಕ್ಷೆ ಇದೆ. ನಿಮ್ಮ ಹೆಸರಲ್ಲಿ ಬೇರೆಯವರಿಗೆ ಸಾಲ ಎತ್ತಿಕೊಡಲೇಬೇಡಿ. ದುಡ್ಡು ತಿಂದವರು ಊರು ಬಿಟ್ಟರೂ ಸಾಲದ ದಾಖಲೆ ನಿಮ್ಮ ಪ್ಯಾನ್ ಮೇಲೇ ಇರುತ್ತದೆ.

ಗುಳೆ ಹೋಗುವವರಿಗೆ: ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡರೆ ಮೊತ್ತ, ದಿನಗೂಲಿ, ದಿನಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ ಎಂಬ ಮೂರನ್ನೂ ಬರೆಸಿಕೊಂಡು ಫೋಟೋ ತೆಗೆದಿಡಿ. ಮುಂಗಡ ತೀರುವವರೆಗೆ ಬಿಟ್ಟು ಹೋಗುವಂತಿಲ್ಲ ಎಂದು ಹಿಡಿದಿಟ್ಟುಕೊಳ್ಳುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ.

ಹಂತ 3: ಪಿಎಫ್, ಇಎಸ್‌ಐ ನಿಜವಾಗಿ ಕಟ್ಟುತ್ತಿದ್ದಾರೆಯೇ ನೋಡಿ

20 ಅಥವಾ ಹೆಚ್ಚು ಜನ ದುಡಿಯುವ ಕಡೆ ಪಿಎಫ್ ಅನ್ವಯ. ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12 ನಿಮ್ಮಿಂದ, ಅಷ್ಟೇ ಮೊತ್ತ ಮಾಲೀಕನಿಂದ. ಮೂಲ ವೇತನ 12,000 ಇದ್ದರೆ ನಿಮ್ಮದು 1,440. ಮಾಲೀಕನ 1,440ರಲ್ಲಿ 1,000 ಪಿಂಚಣಿ ನಿಧಿಗೆ, 440 ನಿಮ್ಮ ಪಿಎಫ್ ಖಾತೆಗೆ. ಗುತ್ತಿಗೆದಾರ ಕಟ್ಟದಿದ್ದರೆ ಹೊಣೆ ಮೂಲ ಕಂಪನಿಯ ಮೇಲೆ ಬರುತ್ತದೆ. "ಅದು ಕಾಂಟ್ರಾಕ್ಟರ್ ವಿಷಯ" ಎಂಬ ಉತ್ತರ ಒಪ್ಪಬೇಡಿ.

ಪರೀಕ್ಷಿಸುವುದು ಹೀಗೆ: ಯುಎಎನ್ ಸಕ್ರಿಯ ಮಾಡಿ, ಅದಕ್ಕೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಡಿ. ಖಾತೆಯಲ್ಲಿ ಎಷ್ಟು ಹಣವಿದೆ ಎಂದು ಮೆಸೇಜ್ ಬರುತ್ತದೆ. ತಿಂಗಳುವಾರು ವಿವರಕ್ಕೆ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಿ. ಸಂಬಳದ ಚೀಟಿಯಲ್ಲಿ ಮುರಿದುಕೊಂಡದ್ದು ಪಾಸ್‌ಬುಕ್‌ನಲ್ಲಿ ಕಾಣದಿದ್ದರೆ ಚೀಟಿಯ ಸಮೇತ ಪಿಎಫ್ ಕಚೇರಿಗೆ ದೂರು ಕೊಡಿ. ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ "ನಿಧಿ ಆಪ್ಕೆ ನಿಕಟ್" ಎಂಬ ಪಿಎಫ್ ಶಿಬಿರ ನಡೆಯುತ್ತದೆ. ಅಲ್ಲಿಯೂ ಕೊಡಬಹುದು.

ಕೆಲಸ ಬದಲಾದಾಗಲೆಲ್ಲ ಪಿಎಫ್ ಬಿಡಿಸಿಕೊಂಡು ಹಬ್ಬಕ್ಕೋ ಬೈಕಿಗೋ ಹಾಕುವುದು ದೊಡ್ಡ ನಷ್ಟ. ಗುತ್ತಿಗೆದಾರ ಬದಲಾದರೆ ಹೊಸ ಯುಎಎನ್ ಮಾಡಿಸಬೇಡಿ. ಹಳೆಯದನ್ನೇ ಕೊಟ್ಟು ವರ್ಗಾಯಿಸಿ. ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು. ನಡುವೆ ಪಿಂಚಣಿ ಹಣವನ್ನೂ ತೆಗೆದುಕೊಂಡರೆ ಎಣಿಕೆ ಮೊದಲಿನಿಂದ ಶುರು. ಪಿಎಫ್ ಸದಸ್ಯ ಸೇವೆಯಲ್ಲಿದ್ದಾಗ ತೀರಿಕೊಂಡರೆ ಮನೆಯವರಿಗೆ 7 ಲಕ್ಷದವರೆಗೆ ವಿಮಾ ಹಣ ಸಿಗುತ್ತದೆ. ಇದಕ್ಕೆ ಪ್ರತ್ಯೇಕ ಕಂತಿಲ್ಲ, ನಾಮಿನಿ ತುಂಬಿರಬೇಕು ಅಷ್ಟೇ.

ತಿಂಗಳ ವೇತನ 21,000ದೊಳಗಿದ್ದು, 10 ಅಥವಾ ಹೆಚ್ಚು ಜನ ಇರುವ ಕಡೆ ಇಎಸ್‌ಐ. ನಿಮ್ಮಿಂದ ಶೇ 0.75, ಮಾಲೀಕನಿಂದ ಶೇ 3.25. ಕುಟುಂಬಕ್ಕೆ ಚಿಕಿತ್ಸೆ ಮಾತ್ರವಲ್ಲ, ಕಾಯಿಲೆಗೆ ರಜೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ವೇತನದ ಶೇ 70 ಕೂಡ ಸಿಗುತ್ತದೆ. ಇದು ಗೊತ್ತಿಲ್ಲದೆ ಜ್ವರಕ್ಕೆ ಐದು ರೂಪಾಯಿ ಬಡ್ಡಿಗೆ ಸಾಲ ತರುವವರಿದ್ದಾರೆ.

ಇವೆರಡೂ ಇಲ್ಲದ ಕೂಲಿಯಾದರೆ ಇ-ಶ್ರಮ್ ಕಾರ್ಡ್ ಮಾಡಿಸಿ. ಕಟ್ಟಡ ಕೆಲಸದಲ್ಲಿ ವರ್ಷಕ್ಕೆ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿ. ಆ ಕೆಲಸ ಮಾಡದೆ ಏಜೆಂಟನ ಮಾತು ಕೇಳಿ ಕಾರ್ಡ್ ಮಾಡಿಸಿದರೆ ರದ್ದಾಗುತ್ತದೆ, ನಿಜವಾದ ಕಾರ್ಮಿಕರಿಗೂ ತೊಂದರೆ.

ಹಂತ 4: ಕೈಯಲ್ಲಿ ನಗದು

ಮೊದಲ ಗುರಿ 5,000. ಆಸ್ಪತ್ರೆಗೆ ಹೋಗಿಬರುವ ಖರ್ಚು, ಮೊಬೈಲ್ ರಿಪೇರಿ, ಒಂದು ವಾರ ಕೆಲಸ ಇಲ್ಲದಿದ್ದರೆ ರೇಷನ್: ಬಡ್ಡಿಯವನ ಮನೆಯ ದಾರಿ ತೋರಿಸುವುದು ಇಂಥ ಸಣ್ಣ ತುರ್ತುಗಳೇ. ಎರಡನೇ ಗುರಿ ಒಂದು ತಿಂಗಳ ಮನೆ ಖರ್ಚು. ಮೂರನೆಯದು ಮೂರು ತಿಂಗಳದ್ದು. ಅದಕ್ಕೆ ಎರಡು ಮೂರು ವರ್ಷ ಹಿಡಿದರೂ ಸರಿ. ಸಾಲ ಇದ್ದರೂ ಮೊದಲ 5,000 ಮಾತ್ರ ಎತ್ತಿಡಿ. ಇಲ್ಲದಿದ್ದರೆ ಒಂದು ಸಾಲ ತೀರಿಸುವಾಗಲೇ ಇನ್ನೊಂದು ಹುಟ್ಟುತ್ತದೆ.

ಈ ಹಣ ಫೋನ್‌ಪೇ, ಗೂಗಲ್‌ಪೇಗೆ ಜೋಡಿಸಿದ ಖಾತೆಯಲ್ಲಿ ಇರಬಾರದು. ಅಂಚೆ ಕಚೇರಿಯಲ್ಲಿ 500 ರೂಪಾಯಿಗೆ ಉಳಿತಾಯ ಖಾತೆ ತೆರೆದು, ಎಟಿಎಂ ಕಾರ್ಡ್ ತೆಗೆದುಕೊಳ್ಳದೆ ಬಿಡಿ. ಬಟವಾಡೆ ವಾರಕ್ಕೊಮ್ಮೆ ಬಂದರೆ ವಾರಕ್ಕೊಮ್ಮೆಯೇ 100, 200 ಹಾಕಿ. ತಿಂಗಳ ಕೊನೆಗೆ ಹಾಕುತ್ತೇನೆ ಎಂದುಕೊಂಡರೆ ಏನೂ ಉಳಿದಿರುವುದಿಲ್ಲ.

ಒಂದು ತಿಂಗಳ ಖರ್ಚು ಕೂಡಿದ ಮೇಲೆ ಅಂಚೆ ಆರ್‌ಡಿ ಶುರು ಮಾಡಬಹುದು. ಆರ್‌ಡಿ ಅಂದರೆ ತಿಂಗಳಿಗೆ ಒಂದೇ ಮೊತ್ತ ಕಟ್ಟುತ್ತಾ ಹೋಗುವ 5 ವರ್ಷದ ಠೇವಣಿ. 100 ರೂಪಾಯಿಯಿಂದ ಶುರು. ಶೇ 6.7ರ ದರದಲ್ಲಿ ತಿಂಗಳಿಗೆ 1,000 ಕಟ್ಟಿದರೆ ಕೊನೆಗೆ ಸುಮಾರು 71,000. ದರವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತಾರೆ, ಸೇರುವ ದಿನ ಕೇಳಿಕೊಳ್ಳಿ. ಮೂರು ವರ್ಷಕ್ಕೆ ಮುಂಚೆ ಮುರಿಯಲು ಬರುವುದಿಲ್ಲ. ಆದ್ದರಿಂದಲೇ ಮೊದಲ 5,000ಕ್ಕೆ ಇದು ತಕ್ಕ ಜಾಗವಲ್ಲ.

ಹಂತ 5: ವಿಮೆ, ಆದರೆ ಅಗ್ಗದ್ದು

ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ 2 ಲಕ್ಷ. ಜೀವನ್ ಜ್ಯೋತಿ ವರ್ಷಕ್ಕೆ 436, 18ರಿಂದ 50 ವಯಸ್ಸಿನವರಿಗೆ, ಯಾವ ಕಾರಣದ ಸಾವಿಗೂ 2 ಲಕ್ಷ. ಸೇರಿದ ಮೊದಲ 30 ದಿನ ಅಪಘಾತಕ್ಕೆ ಮಾತ್ರ. ಎರಡೂ ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಯಲ್ಲಿ ಖಾತೆಯಲ್ಲಿ 456 ರೂಪಾಯಿ ಇಲ್ಲದೆ ಎಷ್ಟೋ ಜನರ ವಿಮೆ ಸದ್ದಿಲ್ಲದೆ ನಿಂತುಹೋಗಿರುತ್ತದೆ, ಮನೆಯವರಿಗೆ ಗೊತ್ತಾಗುವುದು ಸಾವಿನ ನಂತರ. ನಾಮಿನಿಗೆ ವಿಮೆ ಇದೆ ಎಂಬುದನ್ನೂ ಯಾವ ಬ್ಯಾಂಕ್ ಶಾಖೆ ಎಂಬುದನ್ನೂ ಬಾಯಿಬಿಟ್ಟು ಹೇಳಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆದರೆ ತುರ್ತು ಇಲ್ಲದ ಕಾಯಿಲೆಗೆ ನೇರ ಖಾಸಗಿ ಆಸ್ಪತ್ರೆಗೆ ಹೋದರೆ ನಡೆಯುವುದಿಲ್ಲ, ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎನ್ನುವ ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್‌ನಿಂದಲೇ ಶುರು ಮಾಡಿ.

"20 ವರ್ಷ ಕಟ್ಟಿ, ದುಡ್ಡು ವಾಪಸ್ ಬರುತ್ತದೆ" ಎಂಬ ಪಾಲಿಸಿಗಳು ಬೇಡ. ವಿಮೆಯೂ ಕಡಿಮೆ, ಲಾಭವೂ ಕಡಿಮೆ. ಮೊದಲೆರಡು ವರ್ಷದಲ್ಲಿ ಬಿಟ್ಟರೆ ಕಟ್ಟಿದ್ದರಲ್ಲಿ ಬಹುಪಾಲು ಹೋಗುತ್ತದೆ. ಸಂಬಂಧಿಕರ ಒತ್ತಾಯಕ್ಕೆ ಸಹಿ ಹಾಕಿದ್ದರೆ, ಪಾಲಿಸಿ ಕೈಸೇರಿ 30 ದಿನದೊಳಗೆ ರದ್ದು ಮಾಡಿ ಹಣ ವಾಪಸ್ ಕೇಳುವ ಹಕ್ಕಿದೆ.

ಹಂತ 6: ಇಡುವ ಜಾಗದ ಹೆಸರು ಸರಿಯಾಗಿ ಓದಿ

ಬ್ಯಾಂಕ್ ಮುಳುಗಿದರೂ ಪ್ರತಿ ಠೇವಣಿದಾರನಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ರಾಷ್ಟ್ರೀಕೃತ ಬ್ಯಾಂಕ್, ಬಳ್ಳಾರಿಯಲ್ಲೇ ಕೇಂದ್ರ ಕಚೇರಿ ಇರುವ ಗ್ರಾಮೀಣ ಬ್ಯಾಂಕ್, ಪಟ್ಟಣ ಸಹಕಾರಿ ಬ್ಯಾಂಕ್‌ಗಳಿಗೆ ಇದು ಅನ್ವಯ. ಪತ್ತಿನ ಸಹಕಾರ ಸಂಘ, ಪತ್ತಿನ ಸೌಹಾರ್ದ ಸಹಕಾರಿಗಳಿಗೆ ಅನ್ವಯವಿಲ್ಲ. ಎರಡರ ಕೌಂಟರೂ ಪಾಸ್‌ಬುಕ್ಕೂ ಒಂದೇ ಥರ ಕಾಣುತ್ತವೆ. ಒಂದೂವರೆ ಎರಡು ಪರ್ಸೆಂಟ್ ಹೆಚ್ಚಿನ ಬಡ್ಡಿಗಾಗಿ ಮನೆಯ ಇಡೀ ಉಳಿತಾಯ ಸೌಹಾರ್ದದಲ್ಲಿಡುವುದು ನಮ್ಮ ಲೆಕ್ಕದಲ್ಲಿ ಸರಿಯಲ್ಲ.

ಚೀಟಿ ಹಾಕುವವರು ನೋಂದಣಿ ಸಂಖ್ಯೆ ಕೇಳಿ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದವರು ಕಮಿಷನ್ ಶೇ 7 ಮೀರುವಂತಿಲ್ಲ, ಭದ್ರತಾ ಠೇವಣಿಯನ್ನೂ ಇಟ್ಟಿರಬೇಕು. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಓಣಿಯ ಚೀಟಿಯಲ್ಲಿ ನಂಬಿಕೆಯೊಂದೇ ಆಧಾರ. ಮೊದಲು ಎತ್ತಿದವರು ಕಟ್ಟದೆ ಹೋದರೆ ಕೊನೆಯಲ್ಲಿ ಎತ್ತುವವರಿಗೆ ಏನೂ ಸಿಗುವುದಿಲ್ಲ.

ಹಂತ 7: ಈಗ ಹೂಡಿಕೆ

ಮೇಲಿನದೆಲ್ಲ ಆಗಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಏಳು ವರ್ಷ ಮುಟ್ಟದ ಹಣವಿದ್ದರೆ ನಿಫ್ಟಿ 50 ಇಂಡೆಕ್ಸ್ ಫಂಡ್‌ನಲ್ಲಿ ತಿಂಗಳಿಗೆ 500ರ ಸಿಪ್ ಸಾಕು. ಇಂಡೆಕ್ಸ್ ಫಂಡ್ ಅಂದರೆ ದೇಶದ 50 ದೊಡ್ಡ ಕಂಪನಿಗಳ ಷೇರನ್ನು ಒಟ್ಟಿಗೆ ಕೊಳ್ಳುವ ನಿಧಿ, ಸಿಪ್ ಅಂದರೆ ತಿಂಗಳ ಕಂತು. "ಡೈರೆಕ್ಟ್" ಎಂದಿರುವುದನ್ನೇ ಆರಿಸಿ, "ರೆಗ್ಯುಲರ್"ನಲ್ಲಿ ಏಜೆಂಟನ ಕಮಿಷನ್ ಸೇರಿರುತ್ತದೆ. ಬೆಲೆ ಇಳಿದ ವರ್ಷವೂ ಬರುತ್ತದೆ. ಆಗ ಮಾರಬೇಕಾದ ಸ್ಥಿತಿ ಬರಬಾರದೆಂದೇ ನಾಲ್ಕನೇ ಹಂತ ಇರುವುದು. ಏರಿಳಿತ ಬೇಡ ಎನ್ನುವವರಿಗೆ 15 ವರ್ಷದ ಸರ್ಕಾರಿ ಉಳಿತಾಯ ಯೋಜನೆ ಪಿಪಿಎಫ್ ಇದೆ, ವರ್ಷಕ್ಕೆ ಕನಿಷ್ಠ 500.

ಅಟಲ್ ಪಿಂಚಣಿಯಲ್ಲಿ 25ರ ವಯಸ್ಸಿಗೆ ಸೇರಿ ತಿಂಗಳಿಗೆ 376 ಕಟ್ಟಿದರೆ 60ರ ನಂತರ ತಿಂಗಳಿಗೆ 5,000. ಸೇರಿ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಬೆಲೆ ವರ್ಷಕ್ಕೆ ಶೇ 6 ಏರಿದರೆ 35 ವರ್ಷದ ನಂತರದ 5,000 ರೂಪಾಯಿಗೆ ಇವತ್ತಿನ ಸುಮಾರು 650 ರೂಪಾಯಿಯ ಸಾಮಾನು ಬರುತ್ತದೆ.

ಆಪ್ಷನ್ ಟ್ರೇಡಿಂಗ್ (ಷೇರಿನ ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಪಣ ಕಟ್ಟುವಂಥ ವಹಿವಾಟು) ಕಲಿಸುವ ಟೆಲಿಗ್ರಾಂ ಗುಂಪುಗಳಿಂದ ದೂರವಿರಿ. ಷೇರುಪೇಟೆ ನಿಯಂತ್ರಕ ಸೆಬಿಯ 2024ರ ಅಧ್ಯಯನದಂತೆ ಮೂರು ವರ್ಷಗಳಲ್ಲಿ ಈ ಬಗೆಯ ವಹಿವಾಟಿಗಿಳಿದ ವ್ಯಕ್ತಿಗಳಲ್ಲಿ ಶೇ 93 ಜನ ಕಳೆದುಕೊಂಡಿದ್ದಾರೆ. ಐಪಿಎಲ್ ಬೆಟ್ಟಿಂಗ್ ಬಗ್ಗೆ ಬೇರೆ ಹೇಳಬೇಕಿಲ್ಲ.

ಹಂತ 8: ಸಹಿ ಹಾಕುವ ಮುನ್ನ

ಮನೆಯಲ್ಲಿ ಮೊದಲು ಪಗಾರ ಕಂಡವರಿಗೆ ಜಾಮೀನಿನ ಕರೆ ಬಂದೇ ಬರುತ್ತದೆ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಬ್ಯಾಂಕ್ ಮೊದಲು ಅವನನ್ನೇ ಹಿಡಿಯಬೇಕೆಂದಿಲ್ಲ, ನೇರ ನಿಮ್ಮಿಂದಲೂ ವಸೂಲಿ ಮಾಡಬಹುದು. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡುವುದು ಇನ್ನೂ ಅಪಾಯ. ಅದು ಬೌನ್ಸ್ ಆದರೆ ಎರಡು ವರ್ಷದವರೆಗೆ ಜೈಲು ಅಥವಾ ಮೊತ್ತದ ಎರಡರಷ್ಟು ದಂಡ ಆಗಬಹುದು. ಹತ್ತಿರದವರಿಗೆ ಇಲ್ಲ ಎನ್ನಲಾಗದಿದ್ದರೆ, ವಾಪಸ್ ಬರದಿದ್ದರೂ ನಡೆಯುತ್ತದೆ ಎನ್ನುವಷ್ಟು ನಗದು ಕೊಟ್ಟುಬಿಡಿ. ಜಾಮೀನಿಗಿಂತ ಅದು ಅಗ್ಗ.

ಮದುವೆಯ ಖರ್ಚು, ಮುಯ್ಯಿಯ ಲೆಕ್ಕ ಮನೆಯ ಹಿರಿಯರ ಕೈಯಲ್ಲಿರುತ್ತದೆ. ಅಲ್ಲಿ ಸಲಹೆ ಕೊಡುವುದು ಸುಲಭ, ಪಾಲಿಸುವುದು ಕಷ್ಟ. ಆದರೂ ಸಾಲ ನಿಮ್ಮ ಹೆಸರಲ್ಲಿ ಎತ್ತುವುದಾದರೆ ಮೊತ್ತ ನಿರ್ಧರಿಸುವಾಗ ನೀವೂ ಕೂತಿರಬೇಕು ಎಂದು ಮೊದಲೇ ಹೇಳಿಡಿ.

ಮೋಸ ಹೋದರೆ

ಆನ್‌ಲೈನ್‌ನಲ್ಲಿ ಹಣ ಹೋದ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆ ಹಣವನ್ನು ಮುಂದಿನ ಖಾತೆಗೆ ದಾಟಿಸುವ ಮುನ್ನ ತಡೆಹಿಡಿಯಲು ಮೊದಲ ಒಂದೆರಡು ಗಂಟೆ ಮುಖ್ಯ. ಬ್ಯಾಂಕ್, ಮೈಕ್ರೋಫೈನಾನ್ಸ್ ಕಂಪನಿಯ ಮೇಲಿನ ದೂರನ್ನು ಮೊದಲು ಅದೇ ಸಂಸ್ಥೆಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448. ಕೂಲಿ ಕೊಡದಿದ್ದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ. ಹಾಜರಾತಿಯ ಫೋಟೋ, ಬಟವಾಡೆಯ ಮೆಸೇಜ್, ಮೇಸ್ತ್ರಿಯ ವಾಟ್ಸ್‌ಆ್ಯಪ್ ಮಾತುಕತೆ ಅಲ್ಲಿ ಸಾಕ್ಷಿಯಾಗುತ್ತವೆ. ಫೋನ್ ಬದಲಿಸುವಾಗ ಅಳಿಸಿಬಿಡಬೇಡಿ.